ಕವೆ ಹಿಡಿದವಳು

ಹನ್ನೊಂದನೆಯ ಏಟು ಬಿದ್ದದ್ದು ಸುಣ್ಣದಕಡ್ಡಿಯ ಬೆನ್ನಿಗೆ. ಅದು ಎರಡು ಸಲ ಬಿತ್ತು, ಏಕೆಂದರೆ ಮೊದಲನೆಯದನ್ನು ಮೇಷ್ಟ್ರು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲ ಸಲ ಹೊಡೆದವಳು ಅಕ್ಕ. ಭೌತಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಅವಳನ್ನು ವಿಶ್ವವಿದ್ಯಾಲಯದ ಗಾಯನವೃಂದದಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ತಂಗಿ ಈ ವರ್ಷ ವೃಂದಕ್ಕೆ ಸೇರಿ, ಮೊದಲ ದಿನವೇ ಎಲ್ಲರೆದುರು ಹಾಗೆ ಕೂಗಿದ ಮೇಲೆ, ಅವಳಿಗಿಂತ ಎರಡು ವರ್ಷ ಹಿರಿಯನಾದ ಗಾಯಕ ಪೀಪಾಯಿಗೂ ಅವಳು ಅಕ್ಕನೇ ಆಗಿಬಿಟ್ಟಳು. ಅವಳ ಕೈಯಲ್ಲಿದ್ದದ್ದು ತೋಳುದ್ದದ, ಬೆರಳಿನಷ್ಟು ದಪ್ಪದ ಬೆತ್ತದ ಕೋಲು. ಎರಡು ತುದಿಗೂ ಹಿತ್ತಾಳೆಯ ಕಟ್ಟು. ಸುಣ್ಣದಕಡ್ಡಿ ಅಂಗಿ ಬಿಚ್ಚಿ, ಮರದ ಮೆಟ್ಟಿಲಿನ ಅಂಚು ಹಿಡಿದು ಬಾಗಿ ನಿಂತಿದ್ದ. ಅಡ್ಡಹೆಸರಿಗೆ ತಕ್ಕಂತೆ ಬೆಳ್ಳಗೆ ಸಪೂರವಾಗಿದ್ದ ಅವನ ಬೆನ್ನಿನಲ್ಲಿ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಏಟಿನ ಜಾಗ ಎಡಹೆಗಲ ಮೂಳೆಯಿಂದ ನಾಲ್ಕು ಬೆರಳು ಕೆಳಗೆ. ಒಂದು ಬೆರಳೂ ಆಚೀಚೆ ಆಗುವಂತಿರಲಿಲ್ಲ. ಅಕ್ಕ ಹೊಡೆದಳು. ಚರ್ಮ ಕೆಂಪಾಯಿತು, ಅಷ್ಟೆ.

“ಇದೇನಮ್ಮ, ನೊಣ ಓಡಿಸ್ತಿದ್ದೀಯಾ?” ಎಂದರು ವೃಂದವನ್ನು ಹಾಡಿಸುವ ಮೇಷ್ಟ್ರು, ಕುರ್ಚಿಯಿಂದ ಏಳದೆಯೇ. “ನಿನ್ ಕೈಲಾಗದಿದ್ರೆ ಪೀಪಾಯಿಗೆ ಕೊಡು.”

ಪೀಪಾಯಿ ಅವಳ ಕೈಯಿಂದ ಕೋಲನ್ನು ತೆಗೆದುಕೊಂಡ. ಕೆಳದನಿ ಹಾಡುವ, ಎದೆಗೂ ಹೊಟ್ಟೆಗೂ ಒಂದೇ ಸುತ್ತಳತೆಯ ಆಸಾಮಿ. ಅವನ ಏಟಿನ ಶಬ್ದವೇ ಬೇರೆ: ಬೆತ್ತದ ಶಬ್ದದೊಳಗೆ ಇನ್ನೊಂದು, ಒಣಗಿದ ಪುಳ್ಳೆ ಮುರಿದಂಥ ಚಿಕ್ಕ ಶಬ್ದ. ಸುಣ್ಣದಕಡ್ಡಿಯ ಮೊಣಕಾಲು ಮಡಚಿತು. ಬಾಯಿಂದ ಗಾಳಿ ಹೊರಟಿತು, ದನಿ ಹೊರಡಲಿಲ್ಲ. ದನಿ ಹೊರಟರೆ ಆ ಏಟೂ ಲೆಕ್ಕಕ್ಕಿಲ್ಲ.

ತಾನು ಕನಿಕರಪಟ್ಟು ಮೆಲ್ಲಗೆ ಹೊಡೆದದ್ದರ ಫಲವಾಗಿ ಒಬ್ಬನ ಪಕ್ಕೆಲುಬು ಮುರಿಯಿತು ಎಂಬುದು ಅಕ್ಕನಿಗೆ ಅಲ್ಲೇ ಅರ್ಥವಾಯಿತು. ಸುಣ್ಣದಕಡ್ಡಿ ಅಂಗಿ ಹಾಕಿಕೊಂಡು, ಬೆವೆತ ಮುಖದಲ್ಲಿ ಹಲ್ಲು ಬಿಟ್ಟು, ತನ್ನ ಜಾಗಕ್ಕೆ ಮರಳಿದ. ಉಳಿದವರು ಅವನ ಬಲಹೆಗಲು ತಟ್ಟಿದರು. ತಾಲೀಮು ಮುಂದುವರಿಯಿತು.

ವೃಂದದಲ್ಲಿ ಹದಿನಾರು ಜನ. ನಾಲ್ಕು ದನಿ, ದನಿಗೆ ನಾಲ್ವರು. ವಾದ್ಯವಿಲ್ಲ. ಎಂಬತ್ತೆರಡು ವರ್ಷದ ಹಿಂದೆ ವೃಂದವನ್ನು ಕಟ್ಟಿದ ಸ್ಥಾಪಕರು ಅದಕ್ಕಾಗಿಯೇ ಒಂದು ಕೃತಿ ರಚಿಸಿದ್ದರು. ಇಪ್ಪತ್ತೆರಡು ನಿಮಿಷ ಎಲ್ಲಿಯೂ ನಿಲ್ಲದೆ ಸಾಗಿ, ಶುರುವಾದ ಸ್ವರದಲ್ಲೇ ಮುಗಿಯುವ ಅದನ್ನು ಪ್ರತಿವರ್ಷ ಸ್ಥಾಪನೆಯ ದಿನ ಹಾಡಬೇಕು. ಬರೀ ಗಂಟಲನ್ನು ನಂಬಿ ಹಾಡುವವರ ದನಿ ಹೊತ್ತು ಕಳೆದಂತೆ ತಿಳಿಯದ ಹಾಗೆ ಕೆಳಕ್ಕೆ ಜಾರುತ್ತದೆ. ಜಾರದಿರುವುದೇ ಈ ವೃಂದದ ಹೆಗ್ಗಳಿಕೆ. ಅದಕ್ಕೆ ಸಾಕ್ಷಿಯಾಗಿ ಎರಡು ಶ್ರುತಿಕವೆಗಳಿದ್ದವು. ತಟ್ಟಿದರೆ ಒಂದೇ ಸ್ವರ ಹೊರಡಿಸುವ, ಎರಡು ಕಾಲಿನ ಉಕ್ಕಿನ ಕವೆಗಳು. ಒಂದು ವೃಂದದ ಸದಸ್ಯರೊಬ್ಬರ ಕೈಯಲ್ಲಿರುತ್ತದೆ; ಬಿಡುವಾಗ ಅವರೇ ಮುಂದಿನವರನ್ನು ಹೆಸರಿಸುತ್ತಾರೆ. ಈಗ ಅದು ಅಕ್ಕನದು. ಅವಳು ಅದನ್ನು ಮಂಡಿಗೆ ತಟ್ಟಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತಾನೊಬ್ಬಳೇ ಕೇಳಿಸಿಕೊಂಡ ಸ್ವರವನ್ನು ಗುನುಗಿ ಎಲ್ಲರಿಗೂ ಕೊಡುತ್ತಾಳೆ. ಇನ್ನೊಂದು ಮೇಷ್ಟ್ರ ಎದೆಯ ಜೇಬಿನಲ್ಲಿ. ಕೊನೆಯ ಸ್ವರ ನಿಂತ ಕ್ಷಣವೇ ಅವರು ಅದನ್ನು ತಟ್ಟಿ ಮುಂದಿನ ಮರದ ಹಲಗೆಗೆ ಒತ್ತುತ್ತಾರೆ, ಹಲಗೆ ಮೊಳಗುತ್ತದೆ, ದನಿ ನಿಂತಿತೋ ಇಳಿಯಿತೋ ಎಂಬುದು ಬಾಗಿಲ ಬಳಿ ಕುಳಿತವರಿಗೂ ತಿಳಿಯುತ್ತದೆ. ಎರಡು ಕವೆಗಳನ್ನು ಒಟ್ಟಿಗೆ ತಟ್ಟುವಂತಿಲ್ಲ. ಹುಟ್ಟಿನ ಸ್ವರವೂ ತೀರ್ಪಿನ ಸ್ವರವೂ ಮುಖಾಮುಖಿ ಆಗಬಾರದೆಂಬುದು ಸ್ಥಾಪಕರು ಹಾಕಿಕೊಟ್ಟ ಕಟ್ಟಳೆ. ಎಂಬತ್ತೆರಡು ವರ್ಷದಲ್ಲಿ ಯಾರೂ ಅದನ್ನು ಮುರಿದಿರಲಿಲ್ಲ.

ತಾಲೀಮಿನಲ್ಲಿ ದನಿ ಇಳಿದರೆ, ಯಾರಿಂದ ಇಳಿಯಿತೆಂದು ಮೇಷ್ಟ್ರ ಕಿವಿ ಹೇಳುತ್ತದೆ. ಅವರು ಬೆರಳು ತೋರಿದವರಿಗೆ ಒಂದು ಏಟು. ಹೊಡೆಯಬೇಕಾದವರು ಸ್ವರ ಕೊಟ್ಟವರೇ, ಏಕೆಂದರೆ ಕಳೆದುಹೋದದ್ದು ಅವರು ಕೊಟ್ಟ ಸ್ವರ. ಒಬ್ಬರಿಗೆ ವರ್ಷಕ್ಕೆ ಒಂದೇ ಏಟು, ಕವೆ ಹಿಡಿದವರಿಗೆ ಒಂದೂ ಇಲ್ಲ. ಮೊದಲೆಲ್ಲ ಕಪಾಳಕ್ಕೆ ಹೊಡೆಯುತ್ತಿದ್ದರು. ಹಾಡುವವರು ಕಿವುಡರಾಗತೊಡಗಿದ್ದರಿಂದ ಬೆನ್ನಿಗೆ ಬದಲಾಯಿಸಿದರು. ವೃಂದದ ಚರಿತ್ರೆಯ ಪುಸ್ತಿಕೆಯಲ್ಲಿ ಇದು ‘ಸುಧಾರಣೆಗಳು’ ಎಂಬ ಅಧ್ಯಾಯದಲ್ಲಿದೆ. ದೂರು ಕೊಡುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ, ಏಕೆಂದರೆ ದೂರು ತೆಗೆದುಕೊಳ್ಳಬೇಕಾದ ಕುಲಸಚಿವರೇ ಹಳೆಯ ಸದಸ್ಯರ ಕೂಟದಲ್ಲಿ ಅಂಗಿ ಎತ್ತಿ ತಮ್ಮ ಗುರುತನ್ನು ತೋರಿಸುತ್ತಿದ್ದರು.

ಹಿಂದಿನ ವರ್ಷಗಳಲ್ಲಿ ಏಟು ಬೀಳುತ್ತಿದ್ದದ್ದು ಎರಡೋ ಮೂರೋ. ಈ ವರ್ಷ ಹನ್ನೊಂದು ತಾಲೀಮು, ಹನ್ನೊಂದು ಏಟು. ಕವೆ ಹಿಡಿದ ಅಕ್ಕನನ್ನು ಬಿಟ್ಟರೆ ಹದಿನೈದು ಜನ. ಅವರಲ್ಲಿ ಹನ್ನೊಂದು ಜನರ ಸರದಿ ಮುಗಿದಿತ್ತು. ಸ್ಥಾಪನೆಯ ದಿನಕ್ಕೆ ಮುಂಚೆ ಉಳಿದಿದ್ದ ತಾಲೀಮು ನಾಲ್ಕು, ಉಳಿದಿದ್ದ ಬೆನ್ನೂ ನಾಲ್ಕು. ಅವುಗಳಲ್ಲಿ ಒಂದು ತಂಗಿಯದು.

ತಂಗಿಗೆ ಎಂಟು ವರ್ಷವಿದ್ದಾಗ ಎಡ ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಅದನ್ನು ತೆಗೆಯಲು ಶಸ್ತ್ರವೈದ್ಯರು ಎರಡು ಪಕ್ಕೆಲುಬುಗಳ ತುಂಡನ್ನೇ ಕತ್ತರಿಸಿದ್ದರು. ಎಡಹೆಗಲ ಮೂಳೆಯ ಕೆಳಗೆ, ಸರಿಯಾಗಿ ನಾಲ್ಕು ಬೆರಳಿನ ಅಂತರದಲ್ಲಿ, ಅಂಗೈಯಗಲದಷ್ಟು ಜಾಗದಲ್ಲಿ ಮೂಳೆ ಇರಲಿಲ್ಲ. ಚರ್ಮ, ತೆಳುವಾದ ಮಾಂಸ, ಅದಕ್ಕೆ ಅಂಟಿಕೊಂಡಂತೆ ಶ್ವಾಸಕೋಶ. ಮಲಗಿದ್ದಾಗ ಆ ಜಾಗ ಉಸಿರಿನೊಂದಿಗೆ ಒಳಹೋಗಿ ಹೊರಬರುವುದನ್ನು ಅಕ್ಕ ಎಷ್ಟೋ ಸಲ ನೋಡುತ್ತ ಕುಳಿತಿದ್ದಳು. ಅಲ್ಲಿ ಒಂದು ಚೆಂಡು ಬಡಿದರೂ ತಡಮಾಡದೆ ಓಡಿಬನ್ನಿ ಎಂದು ವೈದ್ಯರು ಹೇಳಿದ್ದರು.

ಅಕ್ಕ ಎಕ್ಸ್‌ರೇ ಹಿಡಿದು ಮೇಷ್ಟ್ರ ಬಳಿ ಹೋಗಿ ಬಂದಿದ್ದಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾವಧಾನವಾಗಿ ನೋಡಿ, ಒಳ್ಳೆಯ ಎದೆಗೂಡು, ದನಿ ಸುಮ್ಮನೆ ಹಾಗೆ ಬರುವುದಿಲ್ಲ ಎಂದು ಮೆಚ್ಚಿ, ವಾಪಸು ಕೊಟ್ಟಿದ್ದರು. ಒಬ್ಬರನ್ನು ಬಿಟ್ಟರೆ ಏಟು ತಿಂದವರಿಗೆಲ್ಲ ಅವಮಾನ ಮಾಡಿದಂತೆ ಎಂಬುದು ಅವರ ವಾದ. ತಂಗಿಯ ವಾದವೂ ಅದೇ. ವೃಂದ ಬಿಡು ಎಂದರೆ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮೇಲಿನ ದನಿಯ ನಾಲ್ವರಲ್ಲಿ ಕೊನೆಯವಳಾಗಿ ಬಂದು ಮೂರೇ ತಿಂಗಳಲ್ಲಿ ಮೊದಲನೆಯವಳಾಗಿದ್ದಳು. ಅರ್ಧ ಶ್ವಾಸಕೋಶದ ಹುಡುಗಿ ಎಂದು ಶಾಲೆಯಲ್ಲಿ ಓಟದಿಂದ, ಈಜಿನಿಂದ, ಮೆಟ್ಟಿಲು ಹತ್ತುವುದರಿಂದಲೂ ಬಿಡಿಸಿಕೊಂಡು ಬೆಳೆದವಳಿಗೆ ಯಾವುದರಿಂದಲೂ ಬಿಡಿಸಿಕೊಳ್ಳದ ಮೊದಲ ಜಾಗ ಇದು.

“ನನ್ ಸರದಿ ಬಂದಾಗ ಮಾತ್ರ ನೊಣ ಓಡಿಸ್ಬೇಡ ಕಣೇ ಅಕ್ಕ,” ಎಂದಿದ್ದಳು ಅಂದು ಮನೆಗೆ ನಡೆಯುವಾಗ. “ಪೀಪಾಯಿ ಕೈಗೆ ಹೋದ್ರೆ ನನ್ನ ಗೋಡೆಯಿಂದ ಕೆರೆದು ತೆಗೀಬೇಕಾಗುತ್ತೆ.”

ಅಕ್ಕ ನಗಲಿಲ್ಲ. ತಂಗಿಗೆ ಮೆಲ್ಲಗೆ ಹೊಡೆದರೆ ಪೀಪಾಯಿ ಹೊಡೆಯುತ್ತಾನೆ. ಮೆಲ್ಲಗೆ ಹೊಡೆಯದಿದ್ದರೆ ತಾನೇ ಹೊಡೆದಂತಾಯಿತು. ಮೂರನೆಯ ದಾರಿ ಒಂದೇ: ಮುಂದಿನ ನಾಲ್ಕು ತಾಲೀಮಿನಲ್ಲಿ ದನಿ ಇಳಿಯಬಾರದು. ಹಾಗಾಗಬೇಕಾದರೆ ಏಕೆ ಇಳಿಯುತ್ತಿದೆ ಎಂಬುದು ಗೊತ್ತಾಗಬೇಕು.

ಅವಳ ಬಳಿ ಹನ್ನೊಂದು ತಾಲೀಮುಗಳ ಧ್ವನಿಮುದ್ರಣವಿತ್ತು. ಅಭ್ಯಾಸಕ್ಕೆ ಬೇಕಾಗುತ್ತದೆಂದು ಮೇಷ್ಟ್ರೇ ಅನುಮತಿ ಕೊಟ್ಟಿದ್ದರು. ಬುಧವಾರ ಬೆಳಿಗ್ಗೆ, ವಿದ್ಯಾರ್ಥಿಗಳು ಬರುವ ಮುನ್ನ, ಅವಳು ಪ್ರಯೋಗಾಲಯದ ಆವರ್ತನಮಾಪಕಕ್ಕೆ ಅವುಗಳನ್ನು ಒಂದೊಂದಾಗಿ ಕೊಟ್ಟು, ಕೃತಿಯ ಮೊದಲ ಸ್ವರ, ಕೊನೆಯ ಸ್ವರ, ಕೊನೆಯಲ್ಲಿ ಹಲಗೆಯ ಮೇಲೆ ಮೊಳಗುವ ಮೇಷ್ಟ್ರ ಕವೆ, ಈ ಮೂರನ್ನು ಮೂರು ಸಾಲಿನಲ್ಲಿ ಬರೆಯುತ್ತ ಹೋದಳು. ಐದನೆಯ ತಾಲೀಮಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಮೊದಲ ಸ್ವರ ಸೆಕೆಂಡಿಗೆ ನಾನೂರ ನಲವತ್ತು ಕಂಪನ. ಕೊನೆಯ ಸ್ವರವೂ ನಾನೂರ ನಲವತ್ತು, ಹೆಚ್ಚೆಂದರೆ ಒಂದು ಕಡಿಮೆ. ಮೇಷ್ಟ್ರ ಕವೆ ಐದು ಸಲವೂ ನಾನೂರ ನಲವತ್ತಾರು. ಉಳಿದ ಆರರಲ್ಲೂ ಅದೇ ಬಂತು. ಹದಿನಾರು ಗಂಟಲುಗಳು ಜಾರಿದ್ದರೆ ಒಂದು ದಿನ ಎರಡರಷ್ಟು, ಇನ್ನೊಂದು ದಿನ ಒಂಬತ್ತರಷ್ಟು ಜಾರಬೇಕಿತ್ತು. ಪ್ರತಿಸಲ ಆರೇ ಆಗುವ ತಪ್ಪು ಮನುಷ್ಯರದ್ದಲ್ಲ, ಉಪಕರಣದ್ದು. ಇದನ್ನು ಅವಳು ಪ್ರತಿವರ್ಷ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಕೊಡುತ್ತಿದ್ದಳು. ತನ್ನ ಕವೆಯನ್ನೂ ಅಳೆದಳು. ನಾನೂರ ನಲವತ್ತು, ಬಿಂದುವಿನ ನಂತರವೂ ಸೊನ್ನೆ.

ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಲೇತ್ ನಡೆಸುವವರನ್ನು ಕೇಳಿದಾಗ ಅವರು ಯೋಚಿಸಲೂ ಇಲ್ಲ. ರಜೆಯಲ್ಲಿ ಮೇಷ್ಟ್ರು ಕವೆಯನ್ನು ತಂದಿದ್ದರಂತೆ, ತುದಿ ತುಕ್ಕು ತಿಂದಿತ್ತಂತೆ, ಎರಡೂ ಕಾಲನ್ನು ಸಮವಾಗಿ ಸಾಣೆ ಹಿಡಿದು ಹೊಸದರಂತೆ ಮಾಡಿಕೊಟ್ಟರಂತೆ. ಎಷ್ಟು ಸವೆಯಿತು ಎಂದು ಕೇಳಿದ್ದಕ್ಕೆ, ಅರ್ಧ ಮಿಲಿಮೀಟರ್, ಮೇಲೆ ಒಂದು ಕೂದಲೆಳೆ ಎಂದರು. ಕಾಲು ಗಿಡ್ಡವಾದರೆ ಕವೆಯ ಸ್ವರ ಏರುತ್ತದೆ. ಅಕ್ಕ ಅಲ್ಲೇ ನಿಂತು ಮನಸ್ಸಿನಲ್ಲಿ ಗುಣಿಸಿದಳು. ಆರು ಕಂಪನಕ್ಕೆ ಅಷ್ಟು ಸಾಕು.

ಕಾರ್ಯಾಗಾರದಿಂದ ಹೊರಬಂದ ಮೇಲೆ ಅವಳಿಗೆ ಮೊದಲು ನೆನಪಾದದ್ದು ತಂಗಿಯ ಬೆನ್ನಲ್ಲ, ತನ್ನ ಬಲಗೈ. ಹನ್ನೊಂದು ಜನರಿಗೆ ಅವಳು ಹೊಡೆದಿದ್ದಳು. ಎರಡನೆಯವಳಿಗೆ ಹೊಡೆದಾಗ ಚರ್ಮ ಒಡೆದು ಅಂಗಿಗೆ ರಕ್ತ ಅಂಟಿತ್ತು. ಏಳನೆಯವನು ಮೂರು ದಿನ ಮೂತ್ರದಲ್ಲಿ ರಕ್ತ ಕಂಡು ಅವಳಿಗಲ್ಲದೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಷ್ಟೂ ಜನ ಸರಿಯಾಗಿ ಹಾಡಿದ್ದರು.

ಅಪ್ಪನಿಗೆ ಹೇಳಿದಳು. ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಮೂವತ್ತೊಂದು ವರ್ಷದ ಹಿಂದೆ ಇದೇ ವೃಂದದಲ್ಲಿ ಕೆಳದನಿ ಹಾಡಿದವರು. ಸುಧಾರಣೆಗೆ ಹಿಂದಿನ ತಲೆಮಾರಿನವರಾದ್ದರಿಂದ ಎಡಗಿವಿ ಪೂರ್ತಿ ಹೋಗಿತ್ತು. ಅವರೊಂದಿಗೆ ಮಾತಾಡುವವರು ಬಲಕ್ಕೆ ಕೂರಬೇಕು. ಅಕ್ಕ ಬಲಕ್ಕೆ ಕೂತು, ಮೂರು ಸಾಲಿನ ಹಾಳೆಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ವಿವರಿಸಿದಳು. ಅವರು ಕರಡು ನೋಡುವಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಿದರು.

“ನಮ್ ಕಾಲದಲ್ಲಿ?” ಎಂದರು ಕೊನೆಗೆ.

“ಗೊತ್ತಿಲ್ಲಪ್ಪ. ಆಗಿನ ರೆಕಾರ್ಡಿಂಗ್ ಇಲ್ಲ.”

“ಆಗ ಸರಿಯಾಗೇ ಇದ್ದಿರ್ಬೇಕು,” ಎಂದರು ಅಪ್ಪ. ಹಾಳೆಯನ್ನು ನಾಲ್ಕಾಗಿ ಮಡಚಿ ಅವಳಿಗೆ ಹಿಂತಿರುಗಿಸಿ, ಇದನ್ನು ಅಲ್ಲಿಗೆ ತೆಗೆದುಕೊಂಡು ಹೋಗಬೇಡ ಎಂದರು. ಏಟು ತಿಂದವರಿಗೆ ಅದು ಬೇಕಿರಲಿಲ್ಲ ಎಂದು ಹೇಳುವುದು ಇನ್ನೊಂದು ಏಟು ಕೊಟ್ಟ ಹಾಗೆ ಎಂದೂ, ಅವರು ಅದನ್ನು ಯಾರಿಗಾದರೂ ಹಿಂದಿರುಗಿಸಲೇಬೇಕಾಗುತ್ತದೆ ಎಂದೂ ಹೇಳಿದರು. ತಂಗಿಯನ್ನು ಹೇಗೆ ಉಳಿಸುವುದು ಎಂದು ಅವಳು ಕೇಳಿದಾಗ ಅವರು ಮುಖವನ್ನು ಸ್ವಲ್ಪ ಆಚೆ ತಿರುಗಿಸಿದರು. ಈಗ ಅವಳ ಕಡೆಗಿದ್ದದ್ದು ಎಡಗಿವಿ.

ಮೇಷ್ಟ್ರಿಗೆ ಒಬ್ಬರಿಗೇ ಹೇಳಿದರೆ ಅವರು ಕವೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಎಲ್ಲರೂ ಕೇಳುವಂತೆ ಆಗಬೇಕು. ಕೇಳಿದ ಮೇಲೆ ಇಲ್ಲವೆನ್ನಲಾಗದಂತೆ ಆಗಬೇಕು. ಅಕ್ಕ ಹಾಗೆಂದು ನಿರ್ಧರಿಸಿದಳು. ನಂತರ ಏನಾಗುತ್ತದೆ ಎಂಬ ಸಾಲನ್ನು ಅವಳ ಹಾಳೆಯಲ್ಲಿ ಬರೆದಿರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಹನ್ನೆರಡನೆಯ ತಾಲೀಮು. ತಾಲೀಮಿನ ಕೋಣೆ ಒಂದು ಕಾಲಕ್ಕೆ ವೈದ್ಯಕೀಯ ವಿಭಾಗದ ಹೆಣ ಕೊಯ್ಯುವ ಕೋಣೆಯಾಗಿತ್ತು: ಅರ್ಧವೃತ್ತದ ಐದು ಮರದ ಮೆಟ್ಟಿಲು, ನಡುವೆ ಇಳಿಜಾರಾದ ಕಲ್ಲಿನ ನೆಲ, ನೆಲದಲ್ಲಿ ನೀರು ಹೋಗುವ ತೂತು. ಅಲ್ಲಿ ಪಿಸುಮಾತೂ ಸ್ಪಷ್ಟವಾಗಿ ಕೇಳುತ್ತದೆಂದೇ ಸ್ಥಾಪಕರು ಅದನ್ನು ಆರಿಸಿಕೊಂಡಿದ್ದರು. ಅಕ್ಕ ಕವೆಯನ್ನು ಮಂಡಿಗೆ ತಟ್ಟಿ ಸ್ವರ ಕೊಟ್ಟಳು. ಹದಿನಾರು ಜನ ಹಾಡಿದರು. ಸುಣ್ಣದಕಡ್ಡಿ ಎದೆಗೆ ಬಿಗಿದ ಪಟ್ಟಿಯ ಮೇಲೆ ಅಂಗೈ ಒತ್ತಿಕೊಂಡು ಹಾಡಿದ. ಪ್ರತಿ ಉಸಿರಿಗೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಸ್ವರ ಮಾತ್ರ ಕದಲಲಿಲ್ಲ. ತಂಗಿಯ ದನಿ ಕೊನೆಯ ಏರಿನಲ್ಲಿ ಉಳಿದ ಹದಿನೈದರ ಮೇಲೆ ಗೆರೆ ಎಳೆದಂತೆ ನಿಂತಿತು. ಇಪ್ಪತ್ತೆರಡು ನಿಮಿಷ. ನಿಶ್ಶಬ್ದ. ಮೇಷ್ಟ್ರು ಕವೆ ತಟ್ಟಿ ಹಲಗೆಗೆ ಒತ್ತಿದರು. ಹಲಗೆಯ ಲೆಕ್ಕದಲ್ಲಿ ದನಿ ಇಳಿದಿತ್ತು.

ಮೇಷ್ಟ್ರು ಕವೆಯನ್ನು ಹಲಗೆಯಿಂದ ಎತ್ತದೆಯೇ ಕಣ್ಣು ಮುಚ್ಚಿದರು. ಅವರ ಬೆರಳು ಮೇಲೆದ್ದು, ಮೆಟ್ಟಿಲುಗಳುದ್ದಕ್ಕೂ ಸರಿದು, ತಂಗಿಯ ಮೇಲೆ ನಿಂತಿತು. ತಂಗಿ ತಲೆಬಾಗಿಸಿ, ಆಗಲೇ ಅಂಗಿಯ ಮೊದಲ ಗುಂಡಿಗೆ ಕೈಹಾಕಿದಳು.

ಹಲಗೆ ಇನ್ನೂ ಮೊಳಗುತ್ತಿತ್ತು. ಅಕ್ಕ ಮೂರು ಹೆಜ್ಜೆಯಲ್ಲಿ ಕೆಳಗಿಳಿದು, ತನ್ನ ಕವೆಯನ್ನು ಮಂಡಿಗೆ ಬಲವಾಗಿ ತಟ್ಟಿ, ಮೇಷ್ಟ್ರ ಕವೆಯ ಪಕ್ಕದಲ್ಲೇ ಹಲಗೆಗೆ ಒತ್ತಿದಳು.

ಒಂದೇ ಸ್ವರದ ಎರಡು ಕವೆಗಳಾಗಿದ್ದರೆ ನಾದ ನೆಟ್ಟಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಲಗೆ ಉಬ್ಬಿ ತಗ್ಗಿ ನಡುಗಿತು, ವಂ ವಂ ವಂ ವಂ, ಸೆಕೆಂಡಿಗೆ ಆರು ಸಲ, ಜ್ವರ ಬಂದವರ ನಾಡಿಯಂತೆ. ಆ ಕೋಣೆಯಲ್ಲಿದ್ದವರೆಲ್ಲ ಕಿವಿಯನ್ನೇ ನಂಬಿ ಬದುಕಿದವರು. ವಿವರಣೆ ಯಾರಿಗೂ ಬೇಕಿರಲಿಲ್ಲ. ಅಕ್ಕ ಆದರೂ ವಿವರಿಸಿದಳು: ಯಾವುದು ಎಷ್ಟು, ಲೇತಿನವರು ಎಷ್ಟು ಸವೆಸಿದರು, ಹನ್ನೊಂದು ದಿನವೂ ದನಿ ಇಳಿದಿರಲಿಲ್ಲ, ಇಂದೂ ಇಳಿದಿಲ್ಲ.

ಮೊದಲು ಬಾಯಿ ತೆರೆದವನು ಸುಣ್ಣದಕಡ್ಡಿ. “ಹಾಗಾದ್ರೆ ನನಗೆ ಬಿದ್ದಿದ್ದು ಯಾಕೆ?” ಎಂದ. ಪಟ್ಟಿಯ ಮೇಲಿದ್ದ ಅವನ ಅಂಗೈ ಮುಷ್ಟಿಯಾಗಿತ್ತು. ಅವನು ಮೇಷ್ಟ್ರನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದ.

ಮೇಷ್ಟ್ರು ಎರಡೂ ಕವೆಗಳನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ, ಅಕ್ಕನದನ್ನು ಮತ್ತೆ ಹಲಗೆಯ ಮೇಲಿಟ್ಟರು. ಅವರ ಮುಖ ಬಿಳುಚಿಕೊಂಡಿತ್ತು, ದನಿಯಲ್ಲಿ ವ್ಯತ್ಯಾಸವಿರಲಿಲ್ಲ. ಎರಡರಲ್ಲಿ ಒಂದು ತಪ್ಪಿದೆ ಎಂಬುದನ್ನು ಒಪ್ಪುತ್ತೇನೆ ಎಂದರು. ತಮ್ಮ ಕೈಯಲ್ಲಿರುವುದು ಸ್ಥಾಪಕರ ಕವೆ, ತೀರ್ಪಿನ ಕವೆ; ಅದು ಹೇಳಿದ್ದೇ ಸ್ವರ. ಹಾಗಾದರೆ ಹನ್ನೊಂದು ದಿನವೂ ತಪ್ಪು ಸ್ವರ ಕೊಟ್ಟವರು ಯಾರು?

“ಲ್ಯಾಬಿಗೆ ಬನ್ನಿ ಮೇಷ್ಟ್ರೇ, ಅಳೆದು ತೋರಿಸ್ತೀನಿ,” ಎಂದಳು ಅಕ್ಕ.

“ಇಲ್ಲಿ ಲ್ಯಾಬಿಲ್ಲಮ್ಮ. ಇಲ್ಲಿ ಹನ್ನೊಂದು ಬೆನ್ನಿದೆ,” ಎಂದರು ಮೇಷ್ಟ್ರು. “ಸುಮ್ಮನೆ ಬಿದ್ದ ಏಟು ಅಂತ ಇವರು ಮನೆಗೆ ಹೋಗೋಕಾಗಲ್ಲ. ಅವು ಯಾರದ್ದಾದ್ರೂ ಆಗಬೇಕು.”

ಪೀಪಾಯಿ ಬಾಗಿಲ ಅಗಳಿ ಹಾಕಿದ.

ಅಕ್ಕ ತಂಗಿಯ ಮಣಿಕಟ್ಟು ಹಿಡಿದು ಬಾಗಿಲಿನತ್ತ ನುಗ್ಗಿದಳು. ಏಟು ತಿಂದವರು ಅಡ್ಡ ಬಂದರು. ಯಾರೋ ಕೂದಲು ಹಿಡಿದರು, ಯಾರೋ ಮೊಣಕೈಯಿಂದ ಹೊಟ್ಟೆಗೆ ತಿವಿದರು. ಎರಡನೆಯ ಏಟು ತಿಂದಿದ್ದವಳು, ಪ್ರತಿ ತಾಲೀಮಿನಲ್ಲೂ ಅಕ್ಕನ ಪಕ್ಕದಲ್ಲೇ ನಿಂತು ಹಾಡುವವಳು, ಅವಳ ಮುಖಕ್ಕೆ ಉಗಿದು ಕೆನ್ನೆಯನ್ನು ಉಗುರಿನಿಂದ ಸೀಳಿದಳು. ಪೀಪಾಯಿ ಅಕ್ಕನ ಕುತ್ತಿಗೆ ಹಿಡಿದು ಮೆಟ್ಟಿಲಿನ ಅಂಚಿಗೆ ಮುಖ ಬಡಿಸಿದ. ಮೇಲಿನ ಹಲ್ಲು ಮುರಿದು ತುಟಿಯೊಳಗೆ ನಾಟಿತು. ಅವನು ಎರಡನೆಯ ಸಲ ಬಡಿಸುವ ಮುನ್ನ ಅವಳ ಕೈಗೆ, ಗಲಾಟೆಯಲ್ಲಿ ಹಲಗೆಯಿಂದ ಬಿದ್ದಿದ್ದ ಅವಳದೇ ಕವೆ ಸಿಕ್ಕಿತು. ಎರಡು ಕಾಲೂ ಸಮವಾಗಿ ಹೂತುಹೋಗುವಂತೆ ಅದನ್ನು ಅವನ ಮುಂಗೈಗೆ ಚುಚ್ಚಿದಳು. ಪೀಪಾಯಿ ಗೂಳಿಯಂತೆ ಕೂಗಿದ. ತಂಗಿ ಹಿಂದಿನಿಂದ ಅವನ ಬೆನ್ನೇರಿ ಕಿವಿಯನ್ನು ಕಚ್ಚಿ ಹಿಡಿದಳು, ಕಚ್ಚಿದ್ದನ್ನು ಬಿಡಲಿಲ್ಲ. ಅವನು ಒಮ್ಮೆ ಮೈ ಕೊಡವಿದ. ಕಿವಿಯ ಚೂರಿನೊಂದಿಗೆ ಅವಳು ಕಲ್ಲಿನ ನೆಲಕ್ಕೆ ಮಕಾಡೆ ಬಿದ್ದಳು. ಗುಂಡಿ ಬಿಚ್ಚಿದ್ದ ಅಂಗಿ ಮೇಲಕ್ಕೆ ಸರಿದು, ಎಡಗಡೆಯ ಗಾಯದ ಕಲೆ ಬಯಲಾಯಿತು. ಆ ಜಾಗ ಉಸಿರಿನೊಂದಿಗೆ ವೇಗವಾಗಿ ಕುಸಿದು ಉಬ್ಬುತ್ತಿತ್ತು. ಪೀಪಾಯಿ ಅದರ ಮೇಲೆ ಬೂಟುಗಾಲು ಎತ್ತಿದ.

“ನಿಲ್ತೀನಿ,” ಎಂದಳು ಅಕ್ಕ. ಬಾಯಲ್ಲಿ ರಕ್ತ ತುಂಬಿ ಮಾತು ತೊದಲಿತು. “ಹನ್ನೊಂದಕ್ಕೂ ನಾನೇ ನಿಲ್ತೀನಿ. ಕಾಲು ತೆಗಿ.”

ಮೇಷ್ಟ್ರು ಕೈ ಎತ್ತಿದರು. ಬೂಟುಗಾಲು ಪಕ್ಕಕ್ಕೆ ಇಳಿಯಿತು. ಕೋಣೆಯಲ್ಲಿ ಉಳಿದದ್ದು ಏದುಸಿರು ಮಾತ್ರ, ಅದೂ ಬೇಗನೆ ಒಂದು ಹದಕ್ಕೆ ಬಂತು. ಅಲ್ಲಿದ್ದವರಿಗೆಲ್ಲ ಉಸಿರನ್ನು ಹಿಡಿತಕ್ಕೆ ತರುವುದು ಕರಗತವಾಗಿತ್ತು.

ಅಕ್ಕ ಎದ್ದು ಕುಳಿತಳು. ನೋವಿನ ನಡುವೆಯೂ ಅವಳ ತಲೆ, ಪ್ರಯೋಗದ ಕೊನೆಯಲ್ಲಿ ಉಪಕರಣಗಳನ್ನು ಒಂದೊಂದಾಗಿ ಎತ್ತಿಡುವಂತೆ, ಕಟ್ಟಳೆಗಳನ್ನು ಒಂದೊಂದಾಗಿ ಎತ್ತಿ ನೋಡಿತು. ಒಬ್ಬರಿಗೆ ವರ್ಷಕ್ಕೆ ಒಂದೇ ಏಟು, ಆದರೆ ಇವು ಹೊಸ ಏಟುಗಳಲ್ಲ, ಹನ್ನೊಂದು ಜನ ಹಿಂದಿರುಗಿಸುತ್ತಿರುವವು. ಕವೆ ಹಿಡಿದವರಿಗೆ ಏಟಿಲ್ಲ. ಆದ್ದರಿಂದ ಏಟು ತಿನ್ನಬೇಕಾದರೆ ತಾನು ಕವೆಯನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡುವವರು ಮುಂದಿನವರನ್ನು ಹೆಸರಿಸಬೇಕು; ಅದನ್ನು ಮೇಷ್ಟ್ರೂ ತಿರಸ್ಕರಿಸುವಂತಿಲ್ಲ. ಹೆಸರಿಸಿದ ಕ್ಷಣದಿಂದ, ಅವರು ವೃಂದದಲ್ಲಿರುವವರೆಗೆ, ಅವರ ಮೇಲೆ ಕೋಲು ಏಳುವಂತಿಲ್ಲ. ಮತ್ತು ಏಟು ಕೊಡಬೇಕಾದವರು ಅವರೇ.

ಆ ಕೊನೆಯ ಅಂಶದಿಂದಾಗಿಯೇ, ತಂಗಿಗೆ ಕವೆ ಕೊಡುವ ಯೋಚನೆಯನ್ನು ಅವಳು ಇಷ್ಟು ದಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಪೀಪಾಯಿ ಮುಂಗೈಯಿಂದ ಕಿತ್ತೆಸೆದಿದ್ದ ಕವೆ ನೆಲದ ತೂತಿನ ಬಳಿ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಂಡು, ಲಂಗಕ್ಕೆ ಒರೆಸಿ, ತಂಗಿಯತ್ತ ಚಾಚಿದಳು. ಇನ್ನು ಮುಂದೆ ಸ್ವರ ಕೊಡುವವಳು ಇವಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮೇಷ್ಟ್ರ ಹುಬ್ಬು ಗಂಟಾಯಿತು, ಅವರು ತಡೆಯಲಿಲ್ಲ. ತಡೆಯಲು ಅವರ ಬಳಿ ಕಟ್ಟಳೆ ಇರಲಿಲ್ಲ.

“ನಂಗ್ ಬೇಡ,” ಎಂದಳು ತಂಗಿ. ಅವಳ ಗಲ್ಲದ ಮೇಲೆ ಪೀಪಾಯಿಯ ರಕ್ತವಿತ್ತು. “ನಿಂಗ್ ಹೊಡೀಲಾ ನಾನು? ತಲೆ ಕೆಟ್ಟಿದೆಯಾ ನಿಂಗೆ?”

“ತಗೊಳ್ಳೇ. ಇದು ಕೈಲಿದ್ರೆ ನಿನ್ನ ಯಾರೂ ಮುಟ್ಟಲ್ಲ.”

“ಅಕ್ಕ, ಬೇಡ ಕಣೇ.”

“ನೀನು ಹೊಡೀದಿದ್ರೆ ಅವನು ಹೊಡೀತಾನೆ,” ಎಂದಳು ಅಕ್ಕ. ಪೀಪಾಯಿ ಕರವಸ್ತ್ರದಿಂದ ಕಿವಿ ಒತ್ತಿಕೊಂಡು ಕೋಲಿನ ಪಕ್ಕದಲ್ಲೇ ನಿಂತಿದ್ದ. “ಹನ್ನೊಂದನ್ನೂ ಅವನೇ ಹೊಡೆದ್ರೆ ನಾನು ಬದುಕಲ್ಲ. ನೀನಾದ್ರೆ ಬದುಕ್ತೀನಿ. ಲೆಕ್ಕ ಇಷ್ಟೇ.”

ತಂಗಿ ಕವೆಯನ್ನು ತೆಗೆದುಕೊಂಡಳು. ಕೋಲನ್ನು ಅವಳ ಇನ್ನೊಂದು ಕೈಗೆ ಸುಣ್ಣದಕಡ್ಡಿ ಇಟ್ಟ.

ಅಕ್ಕ ಅಂಗಿ ಬಿಚ್ಚಿ, ಮೆಟ್ಟಿಲಿನ ಅಂಚು ಹಿಡಿದು ಬಾಗಿದಳು. ಕೆಳಗಿನ ಮರದ ಮೇಲೆ ಅವಳ ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಮೊದಲನೆಯದು ಬಿತ್ತು: ಹೆಗಲ ಮೂಳೆಗೇ ತಗುಲಿತು, ಜಾಗ ತಪ್ಪಿತ್ತು, ಬಲವೂ ಇರಲಿಲ್ಲ. ಲೆಕ್ಕಕ್ಕಿಲ್ಲ ಎಂದರು ಮೇಷ್ಟ್ರು. ಪೀಪಾಯಿ ಒಂದು ಹೆಜ್ಜೆ ಮುಂದೆ ಬಂದ. ತಂಗಿ ಅಳುತ್ತಿದ್ದಳು, ಬಿಕ್ಕು ಅವಳ ಎದೆಯಲ್ಲಿ ತುಂಡುತುಂಡಾಗಿ ಸಿಕ್ಕಿಕೊಳ್ಳುವುದು ಹಿಂದಿನಿಂದ ಕೇಳುತ್ತಿತ್ತು.

“ಅಳು ನಿಲ್ಸು. ಉಸಿರು ತಗೊಂಡು ಹೊಡಿ,” ಎಂದಳು ಅಕ್ಕ, ತಿರುಗದೆಯೇ. “ಹಾಡೋವಾಗ ತಗೋತೀಯಲ್ಲ, ಹಾಗೆ. ಕೆಳಗಿಂದ.”

ತಂಗಿ ಉಸಿರು ತೆಗೆದುಕೊಂಡಳು. ಎರಡನೆಯ ಏಟು ಸರಿಯಾದ ಜಾಗಕ್ಕೆ ಬಿತ್ತು. ಅದನ್ನು ಒಂದು ಎಂದು ಎಣಿಸಿದರು.

ಮೂರಕ್ಕೆ ಚರ್ಮ ಒಡೆಯಿತು. ನಾಲ್ಕು ಅದೇ ಗೆರೆಯ ಮೇಲೆ ಬಿದ್ದು, ಅಕ್ಕನ ಬೆರಳುಗಳು ಮರದ ಅಂಚಿನಿಂದ ಜಾರಿದವು, ಮತ್ತೆ ಹಿಡಿದಳು. ಐದಕ್ಕೆ ಒಳಗೆ ಏನೋ ಕಿರುಗುಟ್ಟಿ ಸಡಿಲವಾಯಿತು, ಆಮೇಲೆ ಎಡಭಾಗಕ್ಕೆ ಗಾಳಿ ಎಳೆದುಕೊಳ್ಳಲಾಗಲಿಲ್ಲ. ಅವಳು ಬಲಭಾಗದಿಂದ, ಚಿಕ್ಕ ಚಿಕ್ಕ ಗುಟುಕುಗಳಾಗಿ ಉಸಿರಾಡಿದಳು. ದನಿ ಮಾತ್ರ ಹೊರಡಿಸಲಿಲ್ಲ. ಹೊರಟರೆ ಲೆಕ್ಕ ಉದ್ದವಾಗುತ್ತದೆ. ಆರರ ಹೊತ್ತಿಗೆ ಕೋಣೆಯಲ್ಲಿ ಎಣಿಸುವವರ ದನಿಗಳು ಹೆಚ್ಚಾಗಿದ್ದವು. ಏಳನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಹದಿನಾಲ್ಕು ಜನ, ಒಬ್ಬರೂ ಮುಂಚೆ ಅಲ್ಲ, ಒಬ್ಬರೂ ತಡವಲ್ಲ.

ಎಂಟಕ್ಕೆ ಅವಳ ಮಂಡಿ ಕಲ್ಲಿಗೆ ತಗುಲಿತು. ಕಣ್ಣು ಕತ್ತಲಿಟ್ಟಿತು, ಕಿವಿ ಇನ್ನೂ ಕೆಲಸ ಮಾಡುತ್ತಿತ್ತು. ಬೆನ್ನ ಹಿಂದೆ, ಪ್ರತಿ ಏಟಿಗೂ ಮುನ್ನ, ತಂಗಿಯ ಉಸಿರು ಒಳಹೋಗುವುದು ಅವಳಿಗೆ ಕೇಳಿಸುತ್ತಿತ್ತು. ಎಲ್ಲಿಯೂ ಸಿಕ್ಕಿಕೊಳ್ಳದೆ, ಎರಡೂ ಬದಿಗೂ ಸಮನಾಗಿ ತುಂಬಿಕೊಳ್ಳುವ, ಉದ್ದನೆಯ ಇಡೀ ಉಸಿರು. ಅದು ಕೇಳುತ್ತಿರುವವರೆಗೂ ಎಣಿಸುತ್ತೇನೆ ಎಂದುಕೊಂಡು ಅಕ್ಕ ಮತ್ತೆ ಅಂಚು ಹಿಡಿದು ಎದ್ದಳು. ಅದು ಕೇಳಿಸಿತು. ಒಂಬತ್ತು.